ಗಾರಾಳ ಮುಂಗಾಲು

ಜ್ವೊಂಕೊ ಅಣ್ಣ,

ಶನಿವಾರಕ್ಕೆ ದೊಡ್ಡ ಕಡಾಯಿ ಕೇಳಿ ತರಲು ಅತ್ತೆಯ ಮನೆಗೆ ಹೋಗಿದ್ದೇನೆ. ಒಲೆಯ ಮೇಲೆ ಬೀನ್ಸ್ ಕಾಳಿನ ಸಾರಿದೆ, ತಳ ಹಿಡಿಸಬೇಡ.

ಬೆಳೆಯುವ ಹಂದಿಗಳ ಮೇವಿಗೆ ಇನ್ನು ಝಿಂಕ್ ಪುಡಿ ಬೆರೆಸಬೇಡ. ಅದರಿಂದ ಮರಿಗಳ ಭೇದಿ ನಿಂತಿತೆಂದು ನೀನು ನನ್ನ ಕಣ್ಣು ತಪ್ಪಿಸಿ ಸುರಿಯುತ್ತಲೇ ಹೋದೆ. ಝಿಂಕ್ ಅತಿಯಾದರೆ ಹೊಟ್ಟೆಯಲ್ಲಿ ಫಾಸ್ಫರಸ್ ಅರಗುವುದಿಲ್ಲ. ಅದೆಲ್ಲ ಮಲದಲ್ಲಿ ಹೋಗುತ್ತದೆ, ಮೂಳೆಗೆ ಸಾಲುವಷ್ಟು ಉಳಿಯುವುದಿಲ್ಲ. ಇದನ್ನು ನಾನು ಹೇಳಿದ್ದಕ್ಕೆ ನೀನು ಹೆಂಡದಂಗಡಿಯಲ್ಲಿ, "ನಮ್ಮ ಡಿಗ್ರಿಯಮ್ಮ ಹಂದಿ ಹೇಲಿಗೂ ಪಾಠ ಮಾಡ್ತಾಳೆ ಕಣ್ರೋ!" ಎಂದು ಎಲ್ಲರನ್ನೂ ನಗಿಸಿದೆ.

ಈಗ ಮರಿ ಹಾಕಿಸಲೆಂದು ನಾನೇ ಬಾಟಲಿ ಹಾಲು ಕುಡಿಸಿ ಸಾಕಿದ ಹೆಣ್ಣು ಹಂದಿ ಗಾರಾ ಎದ್ದು ನಿಲ್ಲಲಾರಳು. ಶನಿವಾರ ಅವಳನ್ನೇ ಕಡಿಯಬೇಕು.

ಹೆಂಡದಂಗಡಿಯಲ್ಲಿ ನಕ್ಕವರನ್ನೆಲ್ಲ ಊಟಕ್ಕೆ ಕರೆದಿದ್ದೇನೆ. ಮಾತೊ ಚಿಕ್ಕಪ್ಪ ಎಂದಿನಂತೆ ಹಂದಿಯ ಗುಲ್ಮ ನೋಡಿ ಚಳಿಗಾಲ ಹೇಗಿರುತ್ತದೆಂದು ಹೇಳುತ್ತಾರೆ. ಅದಕ್ಕೂ ಮೊದಲು ಅವಳ ಮುಂಗಾಲಿನ ಮೂಳೆಯನ್ನು ನಿನ್ನ ಕೈಗೆ ಕೊಡಲು ಅವರಿಗೆ ಹೇಳಿದ್ದೇನೆ. ಎಲ್ಲರೆದುರು ನೀನೇ ಮುರಿ. ಕೊಡಲಿ ಹುಡುಕಲು ಹೋಗಬೇಡ, ಬೇಕಾಗುವುದಿಲ್ಲ.

ಯಾಗೊದಾ