ಅಪ್ಪ ಉಜ್ಜಿದ ನಳಿಗೆ

ಜೂನ್ ೧೪, ಶುಕ್ರವಾರ

ಇವತ್ತು ಯಾರ ಮೇಲೆ ರೇಗಬೇಕೋ ತಿಳಿಯುತ್ತಿಲ್ಲ. ಶೂಟಿಂಗ್ ಕ್ಲಬ್ಬಿನ ರೈಫಲ್‌ಗಳನ್ನು ನೋಡಿಕೊಳ್ಳುವವಳು ನಾನು. ನಳಿಗೆಯ ಮೇಲ್ಮೈ ಗಟ್ಟಿ ಮಾಡಿದ್ದಾರೆಂದ ಮಾತ್ರಕ್ಕೆ ಅದು ಚಿರಂಜೀವಿಯಲ್ಲ, ಒರೆಸಿ ಎಣ್ಣೆ ಹಚ್ಚಿಡಿ ಎಂದು ಸದಸ್ಯರಿಗೆ ಬಾಯಿ ನೋಯುವಷ್ಟು ಹೇಳಿದ್ದೇನೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ನಾನು ಗೊಣಗಿದ್ದನ್ನು ಕೇಳಿಸಿಕೊಂಡವನು ಅಪ್ಪ ಒಬ್ಬನೇ.

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹ ಪಾಲಿಷ್ ಮಾಡಿ ನಿವೃತ್ತನಾದವನು; ಅವನ ಪಾಲಿಗೆ ಕಪ್ಪೆಂದರೆ ಕೊಳೆ. ಬೇಜಾರೆಂದು ಇವತ್ತು ನನ್ನ ಜೊತೆ ಕ್ಲಬ್ಬಿಗೆ ಬಂದ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಹೊಸ ರೈಫಲ್ಲಿನ ಕಪ್ಪು ನಳಿಗೆಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿಬಿಟ್ಟಿದ್ದ.

“ಎಂಥಾ ಕರಿ ಹಿಡಿದಿತ್ತು ಮಗಳೇ! ಉಜ್ಜಿ ಉಜ್ಜಿ ರಟ್ಟೆ ಬಿದ್ದುಹೋಯ್ತು.”

ತುಕ್ಕು ತಡೆಯಲೆಂದು ಗಟ್ಟಿ ಮಾಡಿದ ಮೇಲ್ಮೈಯೇ ಆ ಕರಿ. ಕೂದಲಿಗಿಂತ ತೆಳು ಪದರ. ವರ್ಷಗಟ್ಟಲೆ ಮಳೆ, ಬೆವರು ತಾಳಬೇಕಿದ್ದದ್ದು ಅಪ್ಪನ ಒಂದು ಮಧ್ಯಾಹ್ನ ತಾಳಲಿಲ್ಲ.

ಬೈಯಬೇಕೆಂದು ತಿರುಗಿದೆ. ಅವನ ಮುಖ ನಳಿಗೆಗಿಂತ ಹೆಚ್ಚು ಹೊಳೆಯುತ್ತಿತ್ತು. ಹಾಳಾದ ಬಾಯಿ, “ಚೆನ್ನಾಗಿದೆ ಅಪ್ಪಾ” ಅಂದುಬಿಟ್ಟಿತು.

“ಇನ್ನೂ ಹನ್ನೊಂದು ಉಳಿದಿದೆಯಲ್ಲಾ, ನಾಳೆ ಬೇಗ ಹೊರಡೋಣ” ಅಂದ.

ಪಕ್ಕದ ಕೋಣೆಯಲ್ಲಿ ಈಗ ಉಪ್ಪುಕಾಗದ ಕತ್ತರಿಸುತ್ತಿದ್ದಾನೆ. ಹನ್ನೊಂದು ತುಂಡು. ನಾನು ಎಣಿಸುತ್ತಾ ಕೂತಿದ್ದೇನೆ.