ಅಮ್ಮನ ಚಕ್ರಸರ

೨೪-೧೦-೨೦೦೮, ಶುಕ್ರವಾರ, ಇನ್ನಂಜೆ

ಶೇರು ಪೇಟೆ ಇವತ್ತು ಮತ್ತೆ ಕುಸಿಯಿತು. ವರ್ಷದ ಹಿಂದೆ ಅಷ್ಟೆಲ್ಲ ಓದಿ, ಕೇಳಿ, ಆರಿಸಿಕೊಂಡ ಎರಡು ಕಂಪನಿಗಳ ಶೇರುಗಳಿಗೆ ಈಗ ಅರ್ಧ ಬೆಲೆಯೂ ಇಲ್ಲ. "ನಿಮ್ಮ ಚಿನ್ನದ ಇಟಿಎಫ್ ಒಂದು ಬಚಾವ್, ಮೇಡಂ" ಎಂದ, ಮಣಿಪಾಲದ ಶೇರು ದಲ್ಲಾಳಿ ಕಚೇರಿಯ ರೋಹಿತ್. ಅದೊಂದೇ ಸಮಾಧಾನ ಹಿಡಿದುಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅಮ್ಮ ದೀಪಾವಳಿಗೆ ಉಡುವ ಸೀರೆಯನ್ನು ಮಂಚದ ಮೇಲೆ ಹರಡಿ ಕೂತಿದ್ದರು. "ನನ್ನ ಚಕ್ರಸರ ಒಮ್ಮೆ ತಂದುಕೊಡು, ಆಯ್ತಾ? ಹಬ್ಬ ಕಳೆದ ಕೂಡಲೇ ಪುನಃ ಅಲ್ಲೇ ಇಡುವಾ."

ಆ ಸರವನ್ನು ಮಾರಿಯೇ ಇಟಿಎಫ್, ಅಂದರೆ ಶೇರಿನ ಹಾಗೆ ಬರೇ ಖಾತೆಯಲ್ಲಿ ಲೆಕ್ಕವಾಗಿ ಇರುವ ಚಿನ್ನ, ಕೊಂಡದ್ದು. "ನಿಮ್ಮ ಚಿನ್ನ ಎಲ್ಲಿಗೂ ಹೋಗುವುದಿಲ್ಲ, ಕಂಪ್ಯೂಟರಿನಲ್ಲಿ ಇರ್ತದೆ" ಎಂದು ಆಗ ಎಷ್ಟು ಚೆನ್ನಾಗಿ ವಿವರಿಸಿದ್ದೆ. ಅಮ್ಮ ಅದನ್ನು ಬ್ಯಾಂಕಿನ ಲಾಕರಿನ ಹಾಗೆ ಎಂದುಕೊಂಡೇ ಕುತ್ತಿಗೆಯಿಂದ ಬಿಚ್ಚಿ ಕೊಟ್ಟಿದ್ದರು. ಒಂದು ವರ್ಷದಿಂದ ಹಾಗೇ ನಂಬಿಕೊಂಡಿದ್ದಾರೆ.

"ಅಷ್ಟು ಚಿನ್ನ ಈಗಲೂ ಉಂಟಮ್ಮ" ಎಂದೆ. ಸುಳ್ಳಲ್ಲ.

"ಉಂಟು ಮಾರಾಯ್ತಿ, ಆದರೆ ಬೇರೆಯವರದ್ದು ತರಬೇಡ, ಸರಿ ನೋಡು. ನನ್ನದರಲ್ಲಿ ಕೊಂಡಿಯ ಹತ್ತಿರ ನಿನ್ನ ಹಲ್ಲಿನ ಗುರುತು ಉಂಟು. ಹಲ್ಲು ಬರುವಾಗ ಯಾವಾಗಲೂ ಅದನ್ನೇ ಕಚ್ಚುತ್ತಿದ್ದಿ."

ನೋಡಿ ತರುತ್ತೇನೆ ಎಂದುಬಿಟ್ಟೆ.