ಆ ಹಣೆಗೆ ರಕ್ತ ಹಚ್ಚಿಸಬೇಡಿ

ಸುಂಕದಹಾಳ
2194, ಫೆಬ್ರವರಿ ಮೂವತ್ತು

ಮಾನ್ಯ ನಿರ್ದೇಶಕರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ತುಂಬಿಸಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವೆನಿಸಿದರೆ ಕ್ಷಮಿಸಿ. ನಿಮ್ಮ ಹೆಸರು ಬರೆಯದಿರುವುದು ಅಗೌರವವಲ್ಲ. ನಿಮ್ಮ ಚಿತ್ರದಲ್ಲಿ ಹೆಸರುಗಳು ಬರುವ ಭಾಗ ಅಳಿಸಿಹೋಗಿದೆ, ಉಳಿದದ್ದೆಲ್ಲ ಇದೆ. ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ವ್ಯವಸ್ಥೆಯನ್ನು ನಾವು ಹಾಗೆ ಕರೆಯುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಉತ್ತರ ಬರುವುದಿಲ್ಲ.

ನೀವು ಈಗ ಚಿತ್ರಕಥೆ ಬರೆಯುತ್ತಿರುತ್ತೀರಿ. ಜಿಲ್ಲಾ ಪಂಚಾಯ್ತಿ ಚುನಾವಣೆಯಲ್ಲಿ ಹುಟ್ಟಿದ ಜಗಳ. ಹೊಳೆಯ ಈಚೆ ಮಳಗಿ ಮನೆತನ, ಆಚೆ ಹೊಸಕೇರಿ ಮನೆತನ. ಮತ ಎಣಿಕೆಯ ದಿನ ಸಂತೆಯಲ್ಲಿ ಕೊಲೆಯಾದ ಸಾಯಬಣ್ಣ ಮಳಗಿ. ಹೆಸರು ಬದಲಿಸಿದರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿರುತ್ತೀರಿ. ನಾನು ಭೌರಮ್ಮ, ಆ ಮಳಗಿ ಮನೆಯ ಸೊಸೆ.

ಚಿತ್ರದಲ್ಲಿ ಸಾಯುತ್ತಿರುವ ತಂದೆ, ಸೇಡು ತೀರಿಸೆಂದು ತನ್ನ ರಕ್ತವನ್ನು ಮಗನ ಹಣೆಗೆ ಹಚ್ಚುತ್ತಾನೆ. ತಂದೆ, ಮಗ ಇಬ್ಬರ ಪಾತ್ರವನ್ನೂ ಒಬ್ಬನೇ ನಟ ಮಾಡಿದ್ದಾನೆ. ನಿಮ್ಮ ಕಾಲದವರು ಅದನ್ನು ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋಗಿರಬಹುದು. ಆಮೇಲೆ ಮಹಾಪೂರ ಬಂತು. ಎರಡೂ ದಂಡೆಯ ಫೋಟೊಗಳು, ಕೋರ್ಟಿನ ಕಾಗದಗಳು, ಸಮಾಧಿಗಳು ಕೊಚ್ಚಿಹೋದವು. ಚಿತ್ರ ಉಳಿಯಿತು. ಇಂದು ನಮ್ಮ ದೇವರ ಜಗಲಿಯ ಮೇಲೆ ಹಿರಿಯನೆಂದು ವಿಭೂತಿ ಹಚ್ಚಿಸಿಕೊಂಡು ಕೂತಿರುವುದು ಆ ನಟನ ಪಟ.

ವರ್ಷಕ್ಕೊಮ್ಮೆ, ಬಿದ್ದುಹೋದ ಹತ್ತಿ ಗಿರಣಿಯ ಗೋಡೆಯ ಮೇಲೆ ಚಿತ್ರ ತೋರಿಸುತ್ತಾರೆ. ಅದಕ್ಕೆ ನೋಟ ಎನ್ನುತ್ತೇವೆ. ಹೆಂಗಸರು ಸಜ್ಜೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಹಿಂದೆ ಕೂರುತ್ತೇವೆ. ಮಕ್ಕಳು ಸಂಭಾಷಣೆಯನ್ನು ಪರದೆಗಿಂತ ಮೊದಲೇ ಹೇಳಿ ಮುಗಿಸುತ್ತಾರೆ. ಹಣೆಯ ದೃಶ್ಯ ಬಂದಾಗ ಗಂಡಸರು ಎದ್ದು ನಿಲ್ಲುತ್ತಾರೆ. ಆಚೆ ದಂಡೆಯವರೂ ಅದೇ ಹೊತ್ತಿಗೆ ತಮ್ಮ ಗೋಡೆಯ ಮೇಲೆ ಅದೇ ಚಿತ್ರ ನೋಡುತ್ತಾರೆ. ಚಿತ್ರದ ಆ ಮಗನ ಕೈಯಲ್ಲಿ ತಮ್ಮ ಹೊಸಕೇರಿಯವನು ಸಾಯುವಾಗ ಅವರು ಅಳುವುದು ನೀರಿನ ಮೇಲಿಂದ ನಮಗೆ ಕೇಳಿಸುತ್ತದೆ.

ನಟನನ್ನು ಹೋಲುವ ಗಂಡುಮಗು ನಮ್ಮ ಮನೆಯಲ್ಲಿ ಹುಟ್ಟಿದರೆ ‘ಮುಖ ಬಂತು’ ಎನ್ನುತ್ತಾರೆ. ಅವನಿಗೆ ಇಪ್ಪತ್ತು ತುಂಬಿದ ವರ್ಷ, ಆ ದೃಶ್ಯ ನಡೆಯುವಾಗಲೇ ಹಣೆಗೆ ಹಸಿ ಕುಂಕುಮ ಬಳಿದು ಹೊಳೆ ದಾಟಿಸುತ್ತಾರೆ. ಹೊಸಕೇರಿ ಮನೆಯ ಹಿರಿಯನನ್ನು ಕೊಂದೇ ಅವನು ಮರಳಬೇಕು. ನನ್ನ ಮೈದುನ ಹಾಗೆ ದಾಟಿದ. ಹೆಣವೂ ಬರಲಿಲ್ಲ.

ನನ್ನ ಮಗ ಮಾಳಿಂಗ ಹುಟ್ಟಿದಾಗ ನನ್ನ ಭಾವ ಗೊಲ್ಲಾಳಪ್ಪ ತೊಟ್ಟಿಲಿಗೆ ಬಗ್ಗಿ ಕೂಗಿದ: “ಹುಬ್ಬ ನೋಡ್ರವಾ, ಹೀರೋನ ಬಂದಾನ!”

ನನ್ನ ಅತ್ತೆ ಬಿಡಲಿಲ್ಲ. “ಆ ಹೀರೋ ಯಾವ ಊರಾಂವೋ ಏನೋ. ಬಣ್ಣ ಹಚ್ಚಿ ನಿಲ್ಲಿಸಿದ್ರು. ಅಂವನ ಮುಖ ನಮ್ಮ ಕೂಸಿಗೆ ಹ್ಯಾಂಗ ಬರತದೋ, ಖೋಡಿ?”

“ಗ್ವಾಡಿ ಮ್ಯಾಲ ಕಾಣೂದು ಸುಳ್ಳಂದ್ರ ನಾವೂ ಸುಳ್ಳೇನಬೇ?” ಎಂದ ಭಾವ.

ಈಗ ಹೊಸಕೇರಿ ಮನೆಯ ಹಿರಿಯ ಅಮೋಘಿ ಎಂಬಾತ. ಹೊಳೆಯ ನಡುವಿನ ನೀರು ಸೋಸುವ ಯಂತ್ರ ನೋಡಿಕೊಳ್ಳುತ್ತಾನೆ. ಆ ಕೆಲಸವನ್ನು ಮಾಳಿಂಗನಿಗೆ ಕಲಿಸಿದವನು ಅವನೇ. ಹೋದ ವಾರ ಮಗ ಹುಬ್ಬು ಬೋಳಿಸಿಕೊಂಡು ಬಂದು ನನ್ನೆದುರು ನಿಂತ. “ಯವ್ವಾ, ಈಗರೆ ನಾ ನಿನ್ನಂಗ ಕಾಣ್ತೀನಿಲ್ಲೋ?” ಎಂದ. ಭಾವ ನಕ್ಕು, “ಕಾಡಿಗಿಲೆ ತೀಡಿದ್ರಾತು ಬಿಡೋ ತಮ್ಮಾ,” ಎಂದ.

ಅಂದು ಸಂತೆಯಲ್ಲಿ ನಡೆದದ್ದು ಬೇರೆ. ನಮ್ಮ ಮನೆಯಲ್ಲಿ ಅತ್ತೆಯರು ಸೊಸೆಯರಿಗೆ ಹೇಳುತ್ತ ಬಂದಿದ್ದಾರೆ. ಸಾಯಬಣ್ಣನ ಪಕ್ಕದಲ್ಲಿ ಮಗ ಇರಲೇ ಇಲ್ಲ. ಇದ್ದವಳು ಮಗಳು ನೀಲವ್ವ. ಅವನ ತಲೆ ಅವಳ ತೊಡೆಯ ಮೇಲಿತ್ತು. “ಸಾಕವಾ, ಇಲ್ಲಿಗೇ ಮುಗಸ್ರಿ. ಯಾರೂ ಹೊಳಿ ದಾಟಬ್ಯಾಡ್ರಿ,” ಎಂದು ಅವನು ಸತ್ತ. ಕಥೆ ಕೇಳಲು ನೀವು ಸುಂಕದಹಾಳಕ್ಕೆ ಬಂದಾಗ ನೀಲವ್ವ ಇದನ್ನು ಹೇಳಿದ್ದಾಳೆ. ನೀವು ಬರೆದುಕೊಂಡಿದ್ದೀರಿ. ಆಮೇಲೆ, ಇಂಟರ್ವಲ್‌ಗೆ ಇದು ಸಪ್ಪೆಯಾಯಿತೆಂದು, ಅವಳನ್ನು ತೆಗೆದು ಮಗನನ್ನು ಕೂರಿಸುತ್ತೀರಿ.

ಚಿತ್ರ ಮಾಡಬೇಡಿ ಎಂದು ಕೇಳುವ ಹಕ್ಕು ನನಗಿಲ್ಲ. ಸಂತೆ, ಕತ್ತಿ, ಓಡುವ ಜನ, ಎಲ್ಲವೂ ಇರಲಿ. ಅವಳನ್ನು ಅಲ್ಲಿಂದ ಎಬ್ಬಿಸಬೇಡಿ. ಅವನ ಮಾತು ಕೇಳುವಷ್ಟು ಹೊತ್ತು ಸಂಗೀತ ನಿಲ್ಲಿಸಿ. ಇಷ್ಟೇ ನನ್ನ ಕೋರಿಕೆ.

ನಾಳೆ ನೋಟ. ಈ ವರ್ಷ ಇಪ್ಪತ್ತು ತುಂಬಿದ ಮಾಳಿಂಗನನ್ನು ಮುಂದಿನ ಸಾಲಿಗೆ ಕರೆದೊಯ್ಯುತ್ತಾರೆ. ನಾನು ಹೆಂಗಸರ ನಡುವೆ ಕೂತು, ಸಾಯುವ ಆ ಮನುಷ್ಯನ ತಲೆ ಯಾರ ತೊಡೆಯ ಮೇಲಿದೆ ಎಂದು ಗೋಡೆಯನ್ನೇ ನೋಡುತ್ತಿರುತ್ತೇನೆ.

ಇಂತಿ,
ಭೌರಮ್ಮ ಮಳಗಿ